ನಿಮಗಿದು ಗೊತ್ತೆ? ಸಿಬ್ಬಂದಿ ಕೈಯಿಟ್ಟರಷ್ಟೇ ತೆರೆಯುವ ಕಾಲುವೆ

ಕೆನಡಾದ ರಾಜಧಾನಿ ಒಟ್ಟಾವಾವನ್ನು ಕಿಂಗ್‌ಸ್ಟನ್ ನಗರಕ್ಕೆ ಜೋಡಿಸುವ ರಿಡೋ ಕಾಲುವೆ 1832ರಲ್ಲಿ ಸಂಚಾರಕ್ಕೆ ತೆರೆಯಿತು. ಉದ್ದ 202 ಕಿ.ಮೀ. ರಾಷ್ಟ್ರೀಯ ಐತಿಹಾಸಿಕ ತಾಣವಾದ ಇದು 2007ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೂ ಸೇರಿತು.

ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸಲು ಇಲ್ಲಿ ಕಲ್ಲಿನ ‘ಲಾಕ್’ಗಳಿವೆ. ದೋಣಿ ಒಳಬಂದ ಮೇಲೆ ಗೇಟು ಮುಚ್ಚಿ, ನೀರು ತುಂಬಿಸಿ ಅಥವಾ ಹರಿಯಬಿಟ್ಟು, ಮುಂದಿನ ಗೇಟು ತೆರೆಯಬೇಕು. ಹೆಚ್ಚಿನ ಲಾಕ್‌ಗಳಲ್ಲಿ ಇಂದಿಗೂ ಸಿಬ್ಬಂದಿಯೇ ಹಿಡಿ ತಿರುಗಿಸಿ ಈ ಕೆಲಸ ಮಾಡುತ್ತಾರೆ. ಅಂದರೆ ಇಲ್ಲಿನ ನೌಕರರು ಬರೀ ಕಾವಲುಗಾರರಲ್ಲ. ಅವರಿಲ್ಲದ ಹೊತ್ತಿನಲ್ಲಿ ಪ್ರವಾಸಿಯ ದೋಣಿ ನಿಂತಲ್ಲೇ ನಿಲ್ಲಬೇಕು.

2012ರ ಬಜೆಟ್‌ನಲ್ಲಿ, ಇಂಥ ತಾಣಗಳನ್ನು ನೋಡಿಕೊಳ್ಳುವ ‘ಪಾರ್ಕ್ಸ್ ಕೆನಡಾ’ದ ಖರ್ಚಿಗೆ ಸುಮಾರು 2.9 ಕೋಟಿ ಡಾಲರ್ ಕತ್ತರಿ ಬಿತ್ತು. 600ಕ್ಕೂ ಹೆಚ್ಚು ಹುದ್ದೆಗಳನ್ನು ತೆಗೆಯುವುದೆಂದಾಯಿತು.

ಮರುವರ್ಷ ರಿಡೋ ಲಾಕ್‌ಗಳ ಕೆಲಸದ ವೇಳೆ ಕುಗ್ಗಿತು. ಬೇರೆ ಹಲವು ಐತಿಹಾಸಿಕ ತಾಣಗಳಲ್ಲಿ ಬಾಗಿಲೇನೋ ತೆರೆದಿತ್ತು, ಆದರೆ ಕಥೆ ಹೇಳುತ್ತಾ ಕರೆದೊಯ್ಯುವ ಮಾರ್ಗದರ್ಶಕರಿರಲಿಲ್ಲ. ಇದೇ ದೊಡ್ಡ ನಷ್ಟ: ಹಳೆಯ ಮನೆಯೊಂದರ ಒಲೆಯ ಮುಂದೆ ನಿಂತ ಮಗು ಪ್ರಶ್ನೆ ಕೇಳಿದರೆ ಉತ್ತರಿಸಲು ಅಲ್ಲಿ ಯಾರೂ ಇರಲಿಲ್ಲ. ಸಂದರ್ಶಕರು ಮಾಹಿತಿ ಫಲಕಗಳನ್ನು ಓದಿಕೊಂಡು ತಾವೇ ಸುತ್ತಬೇಕಾಯಿತು.