ಗಾಜಿನಡಿ ಮಲಗಿದ ಕ್ಯಾಮೆರಾ

ಚಿತ್ರಕಲಾವಿದ ಜಾಕ್ಸನ್ ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಅದರ ಸುತ್ತ ತಿರುಗುತ್ತ, ಕೋಲಿನಿಂದಲೋ ಒಣಗಿ ಗಟ್ಟಿಯಾದ ಕುಂಚದಿಂದಲೋ ಬಣ್ಣ ಚಿಮುಕಿಸುತ್ತಿದ್ದ. ನೋಡುವವರಿಗೆ ಅದು ಹಬ್ಬ, ಕ್ಯಾಮೆರಾ ಹಿಡಿದವನಿಗೆ ಫಜೀತಿ. ಮೇಲಿನಿಂದ ತೆಗೆದರೆ ಕಾಣುವುದು ಬಗ್ಗಿದ ಬೆನ್ನು ಮತ್ತು ಬೋಳು ನೆತ್ತಿ. ಮುಖ ಬೇಕೆಂದು ಕೆಳಗೆ ಕೂತರೆ ಚಿತ್ರವೇ ಕೈತಪ್ಪುತ್ತದೆ.

ಈ ಫಜೀತಿಗೆ ಸಿಕ್ಕಿದವನು ಜರ್ಮನಿಯಲ್ಲಿ ಹುಟ್ಟಿ ಅಮೆರಿಕ ಸೇರಿದ್ದ ಛಾಯಾಗ್ರಾಹಕ ಹಾನ್ಸ್ ನಮುತ್. 1950ರ ಬೇಸಿಗೆಯಲ್ಲಿ ಅವನು ಲಾಂಗ್ ಐಲೆಂಡಿನ ಸ್ಪ್ರಿಂಗ್ಸ್‌ಗೆ ಹೋಗಿ, ಪೊಲಾಕ್ ಸ್ಟುಡಿಯೊ ಮಾಡಿಕೊಂಡಿದ್ದ ಹಳೆಯ ಕಣಜದ ಮನೆಯಲ್ಲಿ 500ಕ್ಕೂ ಹೆಚ್ಚು ಫೋಟೊ ತೆಗೆದ. ಆದರೂ ಸಮಾಧಾನವಿಲ್ಲ. ಪೊಲಾಕ್‌ನ ಜೀವ ಇದ್ದದ್ದು ಚಲನೆಯಲ್ಲಿ. ನಿಂತ ಫೋಟೊದಲ್ಲಿ ಅದೆಲ್ಲಿ ಸಿಗಬೇಕು? ಮೊದಲು ಕಪ್ಪು ಬಿಳುಪಿನಲ್ಲಿ ಪುಟ್ಟದೊಂದು ಸಿನಿಮಾ ತೆಗೆದ. ಆಮೇಲೆ ಸಂಕಲನಕಾರ ಪಾಲ್ ಫಾಲ್ಕೆನ್‌ಬರ್ಗ್ ಜೊತೆಗೂಡಿ ಬಣ್ಣದ ಸಿನಿಮಾಕ್ಕೆ ಇಳಿದ. ಒಳಗೆ ದೀಪ ಹಾಕಿಸುವಷ್ಟು ಹಣವಿರಲಿಲ್ಲ, ಹಾಗಾಗಿ ಚಿತ್ರೀಕರಣ ಬಯಲಿನಲ್ಲಿ. ಬೆಳಕಿನ ತೊಂದರೆ ನೀಗಿತು, ಮುಖದ್ದು ಹಾಗೇ ಉಳಿಯಿತು.

ಆಗ ನಮುತ್‌ಗೆ ಹೊಳೆದದ್ದು ಗಾಜು. ಕ್ಯಾನ್ವಾಸಿನ ಜಾಗದಲ್ಲಿ ಗಾಜಿನ ಹಲಗೆಯನ್ನು ಎತ್ತರದಲ್ಲಿ ಕೂರಿಸಿ, ತಾನು ಅಡಿಯಲ್ಲಿ ಅಂಗಾತ ಮಲಗಿ ಕ್ಯಾಮೆರಾವನ್ನು ಮೇಲಕ್ಕೆ ತಿರುಗಿಸಿದ. ನಾಲ್ಕಡಿಗೆ ಆರಡಿಯ ಗಾಜು. ಅದರ ಮೇಲೆ ಪೊಲಾಕ್ ಬಣ್ಣ ಸುರಿದ. ದಾರ, ಮಣಿ, ಬೆಣಚುಕಲ್ಲು, ಲೋಹದ ಜಾಲರಿ ಎಸೆದ. ಹಿನ್ನೆಲೆಯಲ್ಲಿ ಬರೀ ಆಕಾಶ. ಗೆರೆಗಳು ನಮ್ಮ ಕಣ್ಣ ಮೇಲೇ ಬೀಳುತ್ತವೆ, ಅವುಗಳ ಸಂದಿನಲ್ಲಿ ಕಲಾವಿದನ ಮುಖ. ಮೊದಲ ಪ್ರಯತ್ನ ಹಿಡಿಸದೆ ಅವನು ಅಳಿಸಿ ಮತ್ತೆ ಶುರುಮಾಡಿದ. ಅಳಿಸಿದ್ದನ್ನೂ ಸಿನಿಮಾದಲ್ಲಿ ಉಳಿಸಿಕೊಂಡರು. ನನ್ನ ಮಟ್ಟಿಗೆ ಇಡೀ ಚಿತ್ರದ ಅತ್ಯಂತ ಪ್ರಾಮಾಣಿಕ ಗಳಿಗೆ ಅದೇ.

ಗಾಜು ನಮುತ್‌ನ ತೊಡಕನ್ನು ಬಿಡಿಸಿತೇ ಹೊರತು ಪೊಲಾಕ್‌ನದನ್ನಲ್ಲ. ಒಂಟಿಯಾಗಿ, ತನ್ನ ಲಯದಲ್ಲಿ ಮಾಡುತ್ತಿದ್ದ ಕೆಲಸವನ್ನು ಈಗ ಇನ್ನೊಬ್ಬ ಹೇಳಿದಾಗ ಶುರುಮಾಡಿ, ಬೇಡವೆಂದಾಗ ನಿಲ್ಲಿಸಬೇಕು. ನವೆಂಬರಿನ ಕೊರೆಯುವ ಚಳಿಯಲ್ಲಿ ಚಿತ್ರೀಕರಣ ಮುಗಿದ ಸಂಜೆ, ಸುಮಾರು ಎರಡು ವರ್ಷ ಬಿಟ್ಟಿದ್ದ ಕುಡಿತಕ್ಕೆ ಅವನು ಮರಳಿದ. ಅತಿಥಿಗಳಿಗೆ ಅಣಿಯಾಗಿದ್ದ ಊಟದ ಮೇಜನ್ನು ಮಗುಚಿದ. ಇದಕ್ಕೆಲ್ಲ ಸಿನಿಮಾವೇ ಕಾರಣ ಎನ್ನುವವರಿದ್ದಾರೆ. ಒಂದು ಗಾಜಿನ ಮೇಲೆ ಅಷ್ಟು ಭಾರ ಹೇರುವುದು ಅನ್ಯಾಯ.

ಹಿನ್ನೆಲೆಗೆ ಮೊದಲು ಬಾಲಿ ದ್ವೀಪದ ಸಂಗೀತ ಹಾಕಿದ್ದರು, ಪೊಲಾಕ್ ಒಪ್ಪಲಿಲ್ಲ. ಕಡೆಗೆ ಯುವ ಸಂಗೀತಗಾರ ಮಾರ್ಟನ್ ಫೆಲ್ಡ್‌ಮನ್ ಚೆಲ್ಲೊ ವಾದ್ಯಕ್ಕೆ ರಚಿಸಿಕೊಟ್ಟ. 1951ರ ಜೂನ್‌ನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಮೊದಲ ಪ್ರದರ್ಶನ. ಅವಧಿ ಹತ್ತೇ ನಿಮಿಷ. ಆ ಗಾಜು ಈಗ ‘ನಂಬರ್ 29, 1950’ ಎಂಬ ಹೆಸರಿನಲ್ಲಿ ಒಟ್ಟಾವಾದ ನ್ಯಾಷನಲ್ ಗ್ಯಾಲರಿ ಆಫ್ ಕೆನಡಾದಲ್ಲಿದೆ.