ಬಿಸಿಯಾದಾಗ ಮಾತ್ರ ಕೈಕೊಡುವ ವಾಹನ

ಭದ್ರಾವತಿಯ ನ್ಯೂ ಟೌನ್‌ನಿಂದ ಬೇಸಿಗೆಯ ಮಧ್ಯಾಹ್ನ ಸರಕು ಹೊತ್ತು ಶಿವಮೊಗ್ಗಕ್ಕೆ ಹೊರಟ ಪೆಟ್ರೋಲ್ ವ್ಯಾನು ನಡುದಾರಿಯಲ್ಲಿ ನಿಲ್ಲುತ್ತದೆ. ಮೆಕ್ಯಾನಿಕ್ ಬರುವಷ್ಟರಲ್ಲಿ ತಣಿದು ಸಲೀಸಾಗಿ ಚಾಲೂ ಆಗುತ್ತದೆ. ದೋಷ ಕಾಣದೆ ಬ್ಯಾಟರಿ, ಪಂಪುಗಳನ್ನು ಬದಲಿಸಿ ಹಣ ಕಳೆದುಕೊಂಡ ವರ್ತಕರು ಕಡಿಮೆಯೇನಲ್ಲ.

ಲೋಹವು ಶಾಖಕ್ಕೆ ಹಿಗ್ಗುತ್ತದೆ. ರಿಲೇಯ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬಿಸಿಯಲ್ಲಿ ಸಂಪರ್ಕ ತಪ್ಪಿ, ತಣಿದಾಗ ಕೂಡಬಹುದು. ಚಳಿಗಾಲದ ಮುಂಜಾನೆ ಇದರ ವಿಪರ್ಯಯವೂ ಉಂಟು. ರಿಲೇಯೊಳಗಿನ ತಾಮ್ರದ ಸುರುಳಿಯ ರೋಧವು 60 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಶೇ. 24ರಷ್ಟು ಹೆಚ್ಚಿ, ಸೆಳೆತ ಕುಗ್ಗುತ್ತದೆ.

ಆದ್ದರಿಂದ ವಾಹನ ನಿಂತಿರುವಾಗಲೇ ಸ್ಟಾರ್ಟರ್ ತಿರುಗಿಸಿ, ಪಂಪಿಗೆ ವಿದ್ಯುತ್ ತಲುಪುತ್ತಿದೆಯೇ ಎಂದು ಮೀಟರಿನಿಂದ ಅಳೆಯಬೇಕು. ತಲುಪದಿದ್ದಲ್ಲಿ ಪಂಪನ್ನು ಬಿಟ್ಟು ರಿಲೇ, ತಂತಿಗಳತ್ತ ನೋಡಬೇಕು. ಶೆಡ್ಡಿನಲ್ಲಾದರೆ ರಿಲೇಯನ್ನು ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿಮಾಡಿ ದೋಷವನ್ನು ಮರಳಿ ಬರಿಸಬಹುದು. ನಿಂತ ಹೊತ್ತು, ಓಡಿದ ದೂರ, ಬಿಸಿಲು-ಮಳೆಗಳನ್ನು ಚಾಲಕನಿಂದ ಬರೆಸಿ, ಆ ಚೀಟಿಯನ್ನು ಮೊದಲು ಮೆಕ್ಯಾನಿಕ್‌ಗೆ ಕೊಡಿ.