ಆಳನ್ನು ಆರಿಸುವ ಮುನ್ನ

ಭೋರಿನಲ್ಲಿ ಹೋಟೆಲು ತೆರೆದ ಹೊಸತರಲ್ಲಿ ಗಲ್ಲಾದ ಮೇಲೆ ಕುಳಿತುಕೊಳ್ಳಲೂ ನಮಗೆ ಅಂಜಿಕೆ. ಅಡಿಗೆಯವರು ಕೈಬಿಟ್ಟರೆ ಗತಿಯೇನೆಂದು ಅವರು ಹೇಳಿದುದಕ್ಕೆಲ್ಲ ತಲೆದೂಗುತ್ತಿದ್ದೆವು. ಒಂದು ಸಂತೆಯ ದಿನ ಮುಂಜಾನೆಯೇ ಅವರು ಹೇಳದೆ ಕೇಳದೆ ಹೊರಟುಹೋದರು. ಬೇರೆ ದಾರಿಯಿಲ್ಲದೆ ನಾವೇ ಪಂಚೆ ಬಿಗಿದು ಒಲೆಯ ಮುಂದೆ ನಿಂತೆವು. ಅಂದಿನ ಸಾಂಬಾರಿಗೆ ಉಪ್ಪು ಹೆಚ್ಚಾಗಿದ್ದಿತು, ಒಪ್ಪುತ್ತೇವೆ. ಆದರೂ ಗಿರಾಕಿಗಳು ಮರುದಿನ ಬಂದರು. ನಮ್ಮ ಅಂಜಿಕೆ ಮಾತ್ರ ಮರಳಿ ಬರಲಿಲ್ಲ.

ಆ ಮೇಲೆ ಆಳುಗಳನ್ನು ಸೇರಿಸಿಕೊಳ್ಳುವ ನಮ್ಮ ಕ್ರಮವೂ ಬದಲಾಯಿತು. ಊರು, ಜಾತಿ, ಶಿಫಾರಸು ಪತ್ರಗಳ ವಿಚಾರಣೆಯನ್ನು ಬಿಟ್ಟೆವು. ಬಂದವನಿಗೆ ಮೊದಲು ಊಟವಿಕ್ಕಿ, ಉಂಡೆದ್ದು ಏನು ಮಾಡುವನೆಂದು ನೋಡುತ್ತಿದ್ದೆವು. ಕೆಲವರು ಕೈತೊಳೆದು ಸಂಬಳ ಕೇಳಿದರು, ಕೇಳಬಾರದೆಂದಲ್ಲ. ಒಬ್ಬ ಹುಡುಗನು ತನ್ನ ಎಲೆಯೊಡನೆ ಪಕ್ಕದವರ ಎಲೆಯನ್ನೂ ಎತ್ತಿದನು.

ಲೋಟ ತೊಳೆಯುವವನು ಲೋಟಕ್ಕೇ ಸರಿ ಎಂಬ ಮಾಲಿಕರು ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯತ್ತ ನೋಡಲಿ. ಅಲ್ಲಿನ ‘ವೈಶಾಲಿ’ಯನ್ನು ಬೆಳೆಸಿ 2023ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟರು ಎಳೆಯ ವಯಸ್ಸಿನಲ್ಲಿ ಕಲ್ಯಾಣದ ಬಂಧುಗಳ ಹೋಟೆಲಿನಲ್ಲಿ ದುಡಿದವರೇ ಅಲ್ಲವೇ?

ಎಲೆ ಎತ್ತಿದ ಆ ಹುಡುಗನಿಗೆ ಮೂರನೆಯ ವರ್ಷ ಬೀಗದ ಕೈಯನ್ನು ಒಪ್ಪಿಸಿದೆವು. ನಾವು ಲೇಖನಿ ಹಿಡಿದ ಮೇಲೆ ಭೋರಿನ ಗಲ್ಲಾದಲ್ಲಿ ಕುಳಿತಿರುವವನು ಅವನೇ. ಸಾಂಬಾರಿನ ಉಪ್ಪನ್ನು ಈಗಲೂ ನೆನಪಿಸುತ್ತಾನೆ.